ಕೇಳಿಸಿಕೊಳ್ಳುವ ಆನ್, ಮಾತಾಡುವ ಆನ್

ಕಳೆದ ತಿಂಗಳು ರಜೆಗೆಂದು ಬಂದಿದ್ದ ಅಣ್ಣನ ಮಗಳು ರಾತ್ರಿ ಊಟವಾದ ಮೇಲೆ ಜೇನ್ ಆಸ್ಟೆನ್ ಅವರ ಕಾದಂಬರಿಯನ್ನು ಆಧರಿಸಿದ 2022ರ ‘ಪರ್ಸುಯೇಷನ್’ ಚಿತ್ರವನ್ನು ಹಾಕಿಕೊಂಡು ಕುಳಿತಳು. ಅರ್ಧ ಗಂಟೆ ಕಳೆದಿರಬೇಕು, “ಅತ್ತೆ, ಈ ಆನ್ ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನೀವು ಹೇಳ್ತಿದ್ದ ಹಾಗೆ ಮೆತ್ತಗಿನವಳು ಏನೂ ಅಲ್ವಲ್ಲ” ಎಂದಳು. ಆಗ ನಾನು ಸುಮ್ಮನಿದ್ದೆ. ಎಂ.ಎ. ತರಗತಿಯಲ್ಲಿ ಮೊದಲ ಬಾರಿ ಓದಿದ ಆ ಕಾದಂಬರಿಯನ್ನು ಆಮೇಲೆ ಎಷ್ಟು ಸಲ ಓದಿದೆನೆಂಬ ಲೆಕ್ಕ ನನ್ನಲ್ಲಿಲ್ಲ, ಆದರೆ ಅವಳ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇದ್ದುದರಿಂದ ಅವಳು ಊರಿಗೆ ಹೋದ ವಾರದಲ್ಲಿ 1971, 1995, 2007 ಮತ್ತು 2022ರ ನಾಲ್ಕೂ ರೂಪಾಂತರಗಳನ್ನು ಒಂದಾದ ಮೇಲೊಂದರಂತೆ ನೋಡಿದೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸರ್ ವಾಲ್ಟರ್ ಎಲಿಯಟ್ ಎಂಬ ಬಡಾಯಿಯ ಜಮೀನ್ದಾರನ ನಡುವಿನ ಮಗಳು ಆನ್. 1806ರ ಬೇಸಿಗೆಯಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆಸ್ತಿಯಿಲ್ಲದ ನೌಕಾಪಡೆಯ ತರುಣ ಫ್ರೆಡರಿಕ್ ವೆಂಟ್‌ವರ್ತ್‌ನನ್ನು ಮದುವೆಯಾಗಲು ಒಪ್ಪಿದ್ದವಳು, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್ ತಿಳಿಹೇಳಿದ್ದಕ್ಕೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುತ್ತಾಳೆ. ಎಂಟು ವರ್ಷಗಳ ಮೇಲೆ, ನೆಪೋಲಿಯನ್ ಸೋತು ಯುದ್ಧ ನಿಂತಿರುವಾಗ, ಅಪ್ಪನ ಸಾಲದ ದೆಸೆಯಿಂದ ಕೆಲಿಂಚ್ ಹಾಲ್ ಎಂಬ ಅವರ ಮನೆಯನ್ನು ಅಡ್ಮಿರಲ್ ಕ್ರಾಫ್ಟ್‌ಗೆ ಬಾಡಿಗೆಗೆ ಕೊಡಬೇಕಾಗುತ್ತದೆ. ಅಡ್ಮಿರಲ್‌ನ ಹೆಂಡತಿ ವೆಂಟ್‌ವರ್ತ್‌ನ ಅಕ್ಕ. ಹಿಡಿದ ಶತ್ರು ಹಡಗುಗಳ ಬಹುಮಾನದ ಹಣದಿಂದ 25,000 ಪೌಂಡುಗಳ ಒಡೆಯನಾಗಿರುವ ವೆಂಟ್‌ವರ್ತ್, ಮನಸ್ಸಿನಲ್ಲಿ ಇನ್ನೂ ಆರದ ಸಿಟ್ಟಿನೊಂದಿಗೆ, ಅದೇ ಸೀಮೆಗೆ ಬಂದಿಳಿಯುತ್ತಾನೆ. ಆನ್‌ಗೆ ಈಗ 27.

ಇಂಥ ಆನ್‌ಳನ್ನು ಮೌನಿ ಎಂದರೆ ಸಾಲದು. ನಮ್ಮ ಕಡೆಯ ಮದುವೆಮನೆಗಳಲ್ಲಿ ಉಗ್ರಾಣದ ಕೀಲಿಕೈಯನ್ನು ಸೆರಗಿಗೆ ಗಂಟುಹಾಕಿಕೊಂಡು ಓಡಾಡುವ, ಯಾರಿಗೆ ಜ್ವರ, ಯಾವ ಮಗು ಊಟ ಮಾಡಿಲ್ಲ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ತಿಳಿದಿರುವ, ಆದರೆ ಫೋಟೋ ತೆಗೆಯುವ ಹೊತ್ತಿನಲ್ಲಿ ಯಾರಿಗೂ ನೆನಪಾಗದ ಒಬ್ಬ ಸೋದರತ್ತೆ ಇರುತ್ತಾಳಲ್ಲ, ಆನ್‌ಳದು ಅಂಥ ಇರವು. ಉಳಿದವರು ಕುಣಿಯಲು ಅವಳು ಪಿಯಾನೋ ನುಡಿಸಬೇಕು. ತಂಗಿ ಮೇರಿಯ ಹುಡುಗ ಬಿದ್ದು ಪೆಟ್ಟು ಮಾಡಿಕೊಂಡರೆ ಅವಳೇ ಮನೆಯಲ್ಲಿ ಉಳಿಯಬೇಕು. ಎಲ್ಲರೂ ತಮ್ಮ ತಮ್ಮ ದೂರನ್ನು ಅವಳ ಬಳಿ ತಂದು ಸುರಿಯುತ್ತಾರೆ. ಅವಳ ಮಾತನ್ನು ಯಾರೂ ಕೇಳುವುದಿಲ್ಲ, ಎಲ್ಲರ ಮಾತೂ ಅವಳ ಕಿವಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಈ ಕಾದಂಬರಿಯ ಕಟ್ಟಡವೆಲ್ಲ ನಿಂತಿರುವುದು ಈ ಕಿವಿಗೆ ಬೀಳುವುದರ ಮೇಲೆ.

ವೆಂಟ್‌ವರ್ತ್ ಮೊದಲ ಸಲ ಎದುರಾದಾಗ ಕಣ್ಣು ಅರೆಬರೆ ಕೂಡುತ್ತದೆ, ಒಂದು ವಂದನೆ ಅತ್ತಿಂದಿತ್ತ ಹೋಗುತ್ತದೆ, ಅವಳಿಗೆ ಅವನ ದನಿ ಕೇಳಿಸುತ್ತದೆ, ಅಷ್ಟೆ. ಹೊಲಗಳ ಕಡೆ ನಡೆದುಹೋದ ದಿನ ಬೇಲಿಯ ಮಗ್ಗುಲಲ್ಲಿ ದಣಿದು ಕುಳಿತವಳಿಗೆ, ಬೇಲಿಯ ಆಚೆ ವೆಂಟ್‌ವರ್ತ್ ಒಂದು ಹೇಸಲ್ ಕಾಯನ್ನು ಕೈಯಲ್ಲಿ ಹಿಡಿದು, ಮನುಷ್ಯರೂ ಹೀಗೆಯೇ ಗಟ್ಟಿಯಾಗಿರಬೇಕೆಂದು ಲೂಯಿಸಾ ಮಸ್‌ಗ್ರೋವ್ ಎಂಬ ಹುಡುಗಿಗೆ ಉಪದೇಶ ಮಾಡುವುದು ಕೇಳಿಸುತ್ತದೆ. ಅದು ತನಗೇ ತಗಲುವ ಮಾತೆಂದು ಆನ್‌ಗೆ ಗೊತ್ತು, ಆಡಿದವನಿಗೆ ಅವಳು ಅಲ್ಲಿರುವುದೇ ಗೊತ್ತಿಲ್ಲ. ಲೈಮ್ ಊರಿನ ಕಡಲ ಕಟ್ಟೆಯ ಮೆಟ್ಟಿಲುಗಳಿಂದ ಹಟ ಹಿಡಿದು ಜಿಗಿದ ಅದೇ ಲೂಯಿಸಾ ಪ್ರಜ್ಞೆ ತಪ್ಪಿ ಬಿದ್ದಾಗ, ಗಂಡಸರೆಲ್ಲ ಕೈಕಾಲು ಬಿಟ್ಟು ನಿಂತಿರುವಲ್ಲಿ, ವೈದ್ಯನನ್ನು ಕರೆಯಿರಿ ಎಂದು ಅಪ್ಪಣೆ ಕೊಡುವವಳು ಈ ಮೆತ್ತಗಿನವಳು. ಅಂದು, ಶುಶ್ರೂಷೆಗೆ ಆನ್‌ಳಷ್ಟು ಸಮರ್ಥರು ಬೇರೆ ಯಾರೂ ಇಲ್ಲವೆಂದು ವೆಂಟ್‌ವರ್ತ್ ಹೇಳುವುದು ಕೂಡ ಅವಳ ಎದುರಿಗಲ್ಲ. ಮೆಟ್ಟಿಲಿಳಿದು ಬರುವಾಗ ಅವಳ ಕಿವಿಗೆ ಬೀಳುತ್ತದೆ.

ಕೊನೆಯಲ್ಲಿ ಈ ತಕ್ಕಡಿ ತಿರುಗುತ್ತದೆ. ಬಾತ್ ನಗರದ ಹೋಟೆಲೊಂದರ ಕೋಣೆಯಲ್ಲಿ ವೆಂಟ್‌ವರ್ತ್ ಮೇಜಿನ ಮುಂದೆ ಪತ್ರ ಬರೆಯುತ್ತ ಕುಳಿತಿದ್ದಾನೆ. ಕಿಟಕಿಯ ಬಳಿ ಆನ್ ಮತ್ತು ವೆಂಟ್‌ವರ್ತ್‌ನ ಗೆಳೆಯ ಕ್ಯಾಪ್ಟನ್ ಹಾರ್ವಿಲ್, ಪ್ರೀತಿಯಲ್ಲಿ ಹೆಚ್ಚು ಕಾಲ ನಿಲ್ಲುವವರು ಗಂಡಸರೋ ಹೆಂಗಸರೋ ಎಂದು ತಗ್ಗಿದ ದನಿಯಲ್ಲಿ ಚರ್ಚಿಸುತ್ತಿದ್ದಾರೆ. ಆಸೆಯೇ ಹೋದ ಮೇಲೂ ಪ್ರೀತಿಸುತ್ತಿರುವುದೊಂದೇ ಹೆಂಗಸರ ಹೆಚ್ಚುಗಾರಿಕೆ ಎಂದು ಆನ್ ಹೇಳುತ್ತಾಳೆ. ಚರ್ಚೆಯ ನಡುವೆ ಒಮ್ಮೆ ಅವನ ಪೆನ್ನು ಕೆಳಗೆ ಬಿದ್ದಿರುತ್ತದೆ. ಈ ಸಲ ಕೇಳಿಸಿಕೊಂಡವನು ಅವನು! ಅವನು ಗುಟ್ಟಾಗಿ ಬರೆದಿಟ್ಟು ಹೋಗುವ ಪತ್ರ ಇಂಗ್ಲಿಷ್ ಸಾಹಿತ್ಯದಲ್ಲಿ ಬಹಳ ಪ್ರಸಿದ್ಧವಾದದ್ದು, ಆದರೆ ಅದರ ಮೊದಲ ವಾಕ್ಯವೇ ‘ಇನ್ನು ಸುಮ್ಮನೆ ಕೇಳುತ್ತಿರಲಾರೆ’ ಎಂಬ ಅರ್ಥದ್ದೆಂಬುದನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ. ನೀನು ದನಿ ತಗ್ಗಿಸಿದರೂ, ಬೇರೆಯವರಿಗೆ ಕೇಳಿಸದ ಆ ದನಿಯನ್ನು ನಾನು ಗುರುತಿಸಬಲ್ಲೆ ಎಂದೂ ಅದರಲ್ಲಿ ಬರೆಯುತ್ತಾನೆ. ಎಂಟು ವರ್ಷ ಯಾರೂ ಕೇಳದಿದ್ದ ದನಿ ಅದು.

ಇದು ತಾನಾಗಿ ಒದಗಿದ ಮುಕ್ತಾಯವೂ ಅಲ್ಲ. ಜೇನ್ ಆಸ್ಟೆನ್ 1816ರ ಜುಲೈನಲ್ಲಿ ಕಾದಂಬರಿಯನ್ನು ಒಮ್ಮೆ ಮುಗಿಸಿದ್ದರು. ಅಲ್ಲಿ ಅಡ್ಮಿರಲ್‌ನ ಮನೆಯಲ್ಲಿ ಇಬ್ಬರೂ ಮುಖಾಮುಖಿಯಾಗಿ ಮಾತಾಡಿ ಒಂದಾಗುತ್ತಿದ್ದರು, ಕಿಟಕಿಯ ಬಳಿಯ ಚರ್ಚೆಯೂ ಇರಲಿಲ್ಲ, ಪತ್ರವೂ ಇರಲಿಲ್ಲ. ಅದು ಮನಸ್ಸಿಗೆ ಒಪ್ಪದೆ, ಆರೋಗ್ಯ ಕೆಡುತ್ತಿದ್ದ ಆ ದಿನಗಳಲ್ಲೂ ಕುಳಿತು, ಕೆಲವೇ ವಾರಗಳಲ್ಲಿ ಹೊಸದಾಗಿ ಬರೆದರು. ಮುಂದಿನ ವರ್ಷ, 41ರ ವಯಸ್ಸಿನಲ್ಲಿ, ತೀರಿಕೊಂಡರು. ಕಾದಂಬರಿ ಅಚ್ಚಾಗಿ ಬಂದದ್ದು ಅವರ ಸಾವಿನ ನಂತರ. ಕೈಬಿಟ್ಟ ಆ ಅಧ್ಯಾಯಗಳ ಹಸ್ತಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇನ್ನು ತೆರೆಯ ವಿಷಯಕ್ಕೆ ಬರುತ್ತೇನೆ. ಪುಟದ ಮೇಲೆ ಆನ್ ಬಾಯಿ ಬಿಡದಿದ್ದರೂ ನಮಗೆ ಅವಳ ಮನಸ್ಸಿನ ಒಳಗೆಲ್ಲ ಓಡಾಟವಿರುತ್ತದೆ, ಏಕೆಂದರೆ ನಿರೂಪಕಿಯ ವಾಕ್ಯ ಎಲ್ಲಿ ಮುಗಿಯಿತು, ಆನ್‌ಳ ಯೋಚನೆ ಎಲ್ಲಿ ಶುರುವಾಯಿತು ಎಂಬುದು ತಿಳಿಯದಂತೆ ಆಸ್ಟೆನ್ ಎರಡನ್ನೂ ಹೆಣೆದಿದ್ದಾರೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಪ್ರತಿಯೊಬ್ಬ ನಿರ್ದೇಶಕನೂ ಈ ಮಾತಾಡದ ಹೆಣ್ಣನ್ನು ಏನು ಮಾಡಬೇಕೆಂದು ತೀರ್ಮಾನಿಸಲೇಬೇಕಾಗುತ್ತದೆ. 1971ರ ಗ್ರಾನಡಾ ಟೆಲಿವಿಷನ್ ಧಾರಾವಾಹಿ ಆ ಚಿಂತೆಯನ್ನೇ ಹಚ್ಚಿಕೊಂಡಿಲ್ಲ, ಸಂಭಾಷಣೆಗಳನ್ನು ನಿಷ್ಠೆಯಿಂದ ಒಪ್ಪಿಸುತ್ತ ಹೋಗುತ್ತದೆ. ಅದರಲ್ಲಿ ನಾಯಕಿಯಾದ ಆನ್ ಫರ್‌ಬ್ಯಾಂಕ್ ಒಳ್ಳೆಯ ನಟಿ, ಆದರೆ ಉಬ್ಬಿಸಿ ಕಟ್ಟಿದ ಆ ಎಪ್ಪತ್ತರ ದಶಕದ ಕೇಶಾಲಂಕಾರವನ್ನು ದಾಟಿ ಅವರ ಮುಖದವರೆಗೆ ಹೋಗಲು ನನಗೆ ಸ್ವಲ್ಪ ಕಷ್ಟವಾಯಿತು.

ರೋಜರ್ ಮಿಷೆಲ್ ನಿರ್ದೇಶಿಸಿ, ನಿಕ್ ಡಿಯರ್ ಚಿತ್ರಕಥೆ ಬರೆದ 1995ರ ಬಿಬಿಸಿ ಚಿತ್ರ ಮಾತ್ರ ಆನ್‌ಗೆ ಕಿವಿಗಳನ್ನು ಕೊಟ್ಟಿದೆ. ಅಮಾಂಡಾ ರೂಟ್ ಅವರ ಮುಖಕ್ಕೆ ಬಣ್ಣ ಹಚ್ಚಿದ ಗುರುತಿಲ್ಲ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದಾರೆ, ಬಟ್ಟೆಗಳು ತೊಟ್ಟು ತೊಟ್ಟು ಮಾಸಿದಂತಿವೆ, ರಾತ್ರಿಯ ದೃಶ್ಯಗಳಲ್ಲಿ ಮೇಣದಬತ್ತಿಯ ಮಬ್ಬುಬೆಳಕು. ಮೊದಲ ಭಾಗದಲ್ಲಿ ಅವರು ಮೂಲೆಯಲ್ಲಿ, ಬಾಗಿಲ ಬಳಿ, ಯಾರದೋ ಹೆಗಲಿನ ಹಿಂದೆ ಇರುತ್ತಾರೆ. ಬೇರೆಯವರು ಮಾತಾಡುತ್ತಿರುವಾಗ ಕ್ಯಾಮೆರಾ ಮತ್ತೆ ಮತ್ತೆ ಬಂದು ನಿಲ್ಲುವುದು ಕೇಳಿಸಿಕೊಳ್ಳುತ್ತಿರುವ ಅವರ ಮುಖದ ಮೇಲೆ. ಮೇರಿಯ ಮನೆಯಲ್ಲಿ ವೆಂಟ್‌ವರ್ತ್ ಒಳಗೆ ಬರುವ ದೃಶ್ಯವನ್ನು ನೋಡಿ. ಆನ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದಾಳೆ, ಚಿತ್ರ ಅವಳ ಕಣ್ಣೀರಿಗೆ ಹೋಗುವುದಿಲ್ಲ, ನಿಟ್ಟುಸಿರಿಗೂ ಹೋಗುವುದಿಲ್ಲ, ಕುರ್ಚಿಯನ್ನು ಬಿಗಿಯಾಗಿ ಹಿಡಿದ ಕೈಗೆ ಹೋಗುತ್ತದೆ. ಎಂಟು ವರ್ಷಗಳ ಕಥೆಯನ್ನು ಹೇಳಲು ಅಷ್ಟು ಸಾಕಾಯಿತು. ಆ ವರ್ಷದ ಒಂದೇ ಕಂತಿನ ಟೆಲಿವಿಷನ್ ನಾಟಕದ ವಿಭಾಗದಲ್ಲಿ ಈ ಚಿತ್ರಕ್ಕೆ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಬಂತು. ಇದರಲ್ಲೂ ನನಗೆ ಒಪ್ಪದ್ದುಂಟು. ಬಾತ್ ನಗರದ ಬೀದಿಯಲ್ಲಿ ಇಬ್ಬರೂ ಒಂದಾಗುವ ಹೊತ್ತಿಗೆ ಸರಿಯಾಗಿ ಸರ್ಕಸ್ಸಿನ ಮೆರವಣಿಗೆಯೊಂದು ಹಾದುಹೋಗುತ್ತದೆ, ಅದು ಯಾಕೆ ಬಂತೆಂದು ಮೂವತ್ತು ವರ್ಷಗಳಿಂದಲೂ ನನಗೆ ಅರ್ಥವಾಗಿಲ್ಲ.

2007ರ ಐಟಿವಿ ಚಿತ್ರದ ಬಗ್ಗೆ ನನಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು, ಏಕೆಂದರೆ ಸ್ಯಾಲಿ ಹಾಕಿನ್ಸ್ ಅವರಂಥ ನಟಿ ಸಿಕ್ಕಿಯೂ ಅವರನ್ನು ಸರಿಯಾಗಿ ಬಳಸಿಕೊಂಡಿಲ್ಲ. ಅವರ ಆನ್ ದಿನಚರಿ ಬರೆಯುತ್ತಾಳೆ, ಆಗಾಗ ಕ್ಯಾಮೆರಾದ ಕಡೆಗೆ ಕಣ್ಣೆತ್ತಿ ನೋಡುತ್ತಾಳೆ. ಅಷ್ಟನ್ನು ಒಪ್ಪಬಹುದು, ಆ ನೋಟದಲ್ಲಿ ಮಾತಿಲ್ಲ. ಆದರೆ ಹೆಂಗಸರ ಪ್ರೀತಿಯ ಸ್ಥಿರತೆಯನ್ನು ಕುರಿತ ಆ ಚರ್ಚೆಯನ್ನು ಕಥೆಯ ಕೊನೆಯಿಂದ ಕಿತ್ತು, ಬಹಳ ಮೊದಲೇ, ಲೈಮ್‌ನ ಭಾಗಕ್ಕೆ ಒಯ್ದುಬಿಟ್ಟಿದ್ದಾರೆ. ಹೀಗೆ ಮಾಡಿದ ಮೇಲೆ ಪತ್ರಕ್ಕೆ ಕಾರಣವೇ ಉಳಿಯುವುದಿಲ್ಲ. ಆ ಖಾಲಿ ಜಾಗವನ್ನು ತುಂಬಲು ಆನ್‌ಳನ್ನು ಬಾತ್ ನಗರದ ಬೀದಿಬೀದಿಗಳಲ್ಲಿ, ತಲೆಗೆ ಟೋಪಿಯೂ ಇಲ್ಲದೆ, ಏದುಸಿರು ಬಿಡುತ್ತ ಓಡಿಸುತ್ತಾರೆ. ಬರೋನೆಟ್ ಎಂಬ ಪದವಿಯುಳ್ಳ ಜಮೀನ್ದಾರನ ಮಗಳು ಹಾಗೆ ಓಡುತ್ತಿದ್ದಳೇ ಎಂಬ ತಕರಾರು ನನ್ನದಲ್ಲ. ಕಾದಂಬರಿಯಲ್ಲಿ ಪತ್ರ ಓದಿದ ಆನ್‌ಗೆ ಕಾಲೇ ನಿಲ್ಲುವುದಿಲ್ಲ, ಅವಳನ್ನು ಕಂಡವರು ಮೈ ಸರಿಯಿಲ್ಲವೆಂದು ತಿಳಿದು ಗಾಬರಿಯಾಗುತ್ತಾರೆ, ಅವಳು ಮಾತ್ರ ಈ ಉಪಚಾರದ ಗದ್ದಲದಲ್ಲಿ ಅವನು ಕೈತಪ್ಪಿ ಹೋದಾನೆಂದು ಒಳಗೊಳಗೇ ಚಡಪಡಿಸುತ್ತಾಳೆ. ಆ ಚಡಪಡಿಕೆಯಲ್ಲಿರುವ ಹಾಸ್ಯವೂ ಸಂಕಟವೂ ಓಟದಲ್ಲಿ ಇಲ್ಲ.

2022ರದಕ್ಕೆ, ಅಣ್ಣನ ಮಗಳ ಪ್ರೀತಿಯ ಚಿತ್ರಕ್ಕೆ, ಬರಲೇಬೇಕು. ಕ್ಯಾರಿ ಕ್ರಾಕ್‌ನೆಲ್ ನಿರ್ದೇಶನದ ಈ ನೆಟ್‌ಫ್ಲಿಕ್ಸ್ ಚಿತ್ರದಲ್ಲಿ ಡಕೋಟಾ ಜಾನ್ಸನ್ ನಮ್ಮ ಕಡೆಗೇ ತಿರುಗಿ, ಕಣ್ಣು ಮಿಟುಕಿಸಿ, ಮನೆಯವರ ಒಬ್ಬೊಬ್ಬರ ಮೇಲೂ ಚಟಾಕಿ ಹಾರಿಸುತ್ತಾರೆ, ವೈನ್ ಕುಡಿಯುತ್ತಾರೆ, ಮೊಲವೊಂದನ್ನು ಎತ್ತಿಕೊಂಡು ಓಡಾಡುತ್ತಾರೆ. ಸರ್ ವಾಲ್ಟರ್ ಆಗಿ ರಿಚರ್ಡ್ ಇ. ಗ್ರಾಂಟ್ ಸೊಗಸಾಗಿದ್ದಾರೆ, ಮೇರಿಯಾಗಿ ಮಿಯಾ ಮೆಕೆನ್ನಾ-ಬ್ರೂಸ್ ನನ್ನನ್ನು ನಿಜವಾಗಿಯೂ ನಗಿಸಿದರು. ಆದರೆ ಕೇಳುವವರು ಯಾರೂ ಇಲ್ಲವೆಂಬುದೇ ಆನ್‌ಳ ದುಃಖವಾಗಿರುವಾಗ, ಮೊದಲ ದೃಶ್ಯಗಳಲ್ಲೇ ನಮ್ಮನ್ನು ಅವಳ ಆಪ್ತ ಗೆಳತಿಯರನ್ನಾಗಿ ಮಾಡಿಬಿಟ್ಟರೆ ವೆಂಟ್‌ವರ್ತ್ ಬಂದು ಕೇಳಿಸಿಕೊಳ್ಳಲು ಉಳಿದದ್ದೇನು? ‘ಅಪರಿಚಿತರಿಗಿಂತಲೂ ಕಡೆ, ಏಕೆಂದರೆ ಅವರಿಬ್ಬರೂ ಇನ್ನೆಂದಿಗೂ ಪರಿಚಿತರಾಗುವಂತಿರಲಿಲ್ಲ’ ಎಂಬ ಅರ್ಥದ ಒಂದು ವಾಕ್ಯ ಕಾದಂಬರಿಯಲ್ಲಿದೆ. ಪಿಯಾನೋ ಬಿಟ್ಟೆದ್ದು ಹೋಗಿ ಮತ್ತೆ ಅತ್ತ ಬಂದ ಆನ್‌ಗೆ, ಆಗ ಅದರ ಮುಂದೆ ತಾನು ಕುಳಿತಿದ್ದ ಜಾಗದಿಂದ ಥಟ್ಟನೆ ಎದ್ದು, ಇದು ನಿಮ್ಮ ಜಾಗ ಎಂದು ಅವನು ಅತಿ ವಿನಯದಿಂದ ಬಿಟ್ಟುಕೊಡುವ ಪ್ರಸಂಗ ಅದೇ ಅಧ್ಯಾಯದ್ದು. ಒಂದು ಕಾಲದಲ್ಲಿ ಮಾತು ನಿಲ್ಲಿಸಲಾಗದಿದ್ದ ಇಬ್ಬರ ನಡುವೆ ಈಗ ಉಳಿದಿರುವುದು ಆ ಮರ್ಯಾದೆ ಒಂದೇ. 2022ರ ಚಿತ್ರ ಈ ವಾಕ್ಯವನ್ನು, ‘ಮಾಜಿ ಪ್ರೇಮಿಗಳಿಗಿಂತಲೂ ಕಡೆ, ನಾವೀಗ ಸ್ನೇಹಿತರು’ ಎಂದು ಬದಲಿಸಿದೆ. ಭಾಷೆ ಹೊಸದಾಯಿತೆಂದು ನಾನು ಗೊಣಗುತ್ತಿಲ್ಲ. ಕಾದಂಬರಿಯಲ್ಲಿ ಅವರು ಆ ಹೊತ್ತಿಗೆ ಸ್ನೇಹಿತರೂ ಅಲ್ಲ, ಅದೇ ಅವರ ನರಕ.

ಮುಕ್ತಾಯದ ಬಗ್ಗೆ ಇನ್ನೊಂದು ಮಾತು. 2007ರ ಚಿತ್ರದಲ್ಲಿ ವೆಂಟ್‌ವರ್ತ್ ಆನ್‌ಳ ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದು, ಕೆಲಿಂಚ್ ಹಾಲನ್ನೇ ಉಡುಗೊರೆಯಾಗಿ ತೋರಿಸುತ್ತಾನೆ. ಆ ಆಸ್ತಿ ಕಾನೂನಿನ ಪ್ರಕಾರ ದಾಯಾದಿಯಾದ ವಿಲಿಯಂ ಎಲಿಯಟ್‌ಗೆ ಸೇರಬೇಕಾದದ್ದೆಂಬುದು ಹಾಗಿರಲಿ, ಆಸ್ಟೆನ್ ತಮ್ಮ ನಾಯಕಿಗೆ ಕೊನೆಯಲ್ಲಿ ಯಾವ ಬಂಗಲೆಯನ್ನೂ ಕೊಟ್ಟಿಲ್ಲ. ನಾವಿಕನ ಹೆಂಡತಿಯೆಂಬ ಹೆಮ್ಮೆಯನ್ನೂ, ಅದಕ್ಕೆ ಕಂದಾಯವೆಂಬಂತೆ ಮುಂದಿನ ಯುದ್ಧದ ಭಯವನ್ನೂ ಕೊಟ್ಟಿದ್ದಾರೆ. ಕಥೆ ಮುಗಿಯುವುದು 1815ರ ಆರಂಭದಲ್ಲಿ, ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬರುವ ಹೊತ್ತಿಗೆ. ಮೊದಲ ಓದುಗರಿಗೆ ಅದು ಗೊತ್ತಿತ್ತು. 1995ರ ಚಿತ್ರ ಆನ್‌ಳನ್ನು ಗಂಡನೊಂದಿಗೆ ಹಡಗಿನ ಮೇಲೆ ನಿಲ್ಲಿಸಿ ಮುಗಿಯುತ್ತದೆ. ಅಲ್ಲಿ ದೂರದಿಂದ ಕಾಣುವ ಹಡಗಿನ ದೃಶ್ಯ 1984ರ ‘ದಿ ಬೌಂಟಿ’ ಚಿತ್ರದಿಂದ ಎರವಲು ತಂದದ್ದಂತೆ, ಟೆಲಿವಿಷನ್ ಚಿತ್ರದ ದುಡ್ಡಿನಲ್ಲಿ ಸ್ವಂತ ಹಡಗು ಎಲ್ಲಿಂದ ಬರಬೇಕು!

ಮೊನ್ನೆ ಅಣ್ಣನ ಮಗಳಿಗೆ 1995ರದನ್ನೂ ಒಮ್ಮೆ ನೋಡು ಎಂದಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದಳು. “ಅರ್ಧ ನೋಡಿದೆ ಅತ್ತೆ, ತುಂಬಾ ಕತ್ತಲೆ, ಮುಖಾನೇ ಸರಿಯಾಗಿ ಕಾಣಲ್ಲ” ಎಂದಳು. ಮೇಣದಬತ್ತಿ ಕಣೇ, ಆಗ ಅಷ್ಟೇ ಬೆಳಕು ಇದ್ದದ್ದು ಎಂದೆ. ಕುರ್ಚಿ ಹಿಡಿದ ಕೈ ನೋಡಿದೆಯಾ ಎಂದು ಕೇಳಿದೆ.

“ಯಾವ ಕುರ್ಚಿ?” ಎಂದಳು.