ಹೆಲಿಕಾಪ್ಟರ್ ಪೈಲಟ್‌ಗೆ ಟೂ ಬಿಎಚ್‌ಕೆ

ತುಮಕೂರಿನಲ್ಲಿ ಈಗ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಿಲ್ಲ, ಬ್ರೋಕರ್ ಬೈಕಿನ ನಿಮಿಷದಲ್ಲಿ ಅಳೆಯುತ್ತೇವೆ. "ಕ್ಯಾತ್ಸಂದ್ರದಿಂದ ಐದೇ ನಿಮಿಷ ಸಾರ್" ಅಂದವನ ಹಿಂದೆ ಕೂತು ಹೈವೇ ಬಿಟ್ಟು, ರಾಗಿ ಹೊಲ ದಾಟಿ, ಬೆಳಿಗ್ಗೆ ತಿಂದ ತಟ್ಟೆ ಇಡ್ಲಿ ಪೂರ್ತಿ ಕರಗಿದ ಮೇಲೆ ಮನೆ ಸಿಕ್ಕಿತು.

ಬೆಲೆ 60 ಲಕ್ಷ. ಬಾಡಿಗೆ ಎಷ್ಟು ಬರುತ್ತೆ ಅಂದೆ. ಆತ ಗೇಟಿಗೆ ಒರಗಿ ಆಕಾಶ ನೋಡಿದ. "ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರಲ್ಲೇ ಓಪನ್ ಆಯ್ತಲ್ಲ ಸಾರ್, ಪೈಲಟ್‌ಗಳು ಮನೆ ಹುಡುಕ್ತಿದಾರೆ." ಗುಬ್ಬಿ ಇರೋದು ತುಮಕೂರಿನ ಆ ಕಡೆ, ನಾವು ನಿಂತಿದ್ದು ಈ ಕಡೆ. ಪೈಲಟ್ ಅಲ್ವಾ, ಡ್ಯೂಟಿಗೆ ಹಾರ್ಕೊಂಡೇ ಹೋಗ್ತಾನೆ ಅಂತ ಸುಮ್ಮನಾದೆ. ಆಮೇಲೆ ಮೆಟ್ರೋ. ಬೆಂಗಳೂರಿನ ಅಂಚಿನ ಮಾದಾವರದಲ್ಲೇ ನಿಂತಿರುವ ಮೆಟ್ರೋ ಇವನ ಬಾಯಲ್ಲಿ ದಿನಾ ಕ್ಯಾತ್ಸಂದ್ರಕ್ಕೆ ಬಂದು ಹೋಗುತ್ತದೆ.

ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ನೋಂದಣಿ ಸಂಖ್ಯೆ, ಕೇಳಿದೆ. "ಬರ್ಕೊಳಿ ಸಾರ್, ವಾಟ್ಸಾಪೂ ಇದೇ" ಅಂತ ಮೊಬೈಲ್ ನಂಬರ್ ಕೊಟ್ಟ.

ಬಾಡಿಗೆ 12 ಸಾವಿರ ಅಂತ ಕೊನೆಗೆ ಬಾಯಿಬಿಟ್ಟ. ವರ್ಷಕ್ಕೆ 1.44 ಲಕ್ಷ, ಅಂದರೆ ನೂರಕ್ಕೆ 2 ರೂಪಾಯಿ 40 ಪೈಸೆ, ಸಾಲದ ಬಡ್ಡಿ ಎಂಟೂವರೆ. ನನ್ನ ಹೆಂಡತಿ ಇದನ್ನು ಕರೆಂಟ್ ಬಿಲ್ಲಿನ ಹಿಂದೆ ಬರೆದು ಅವನ ಮುಂದೆ ಹಿಡಿದಳು. ಆತ ಅದನ್ನು ಎರಡು ಸಲ ಓದಿ, "ಮೇಡಂ, ಈಶಾನ್ಯ ಮೂಲೆ ಎಷ್ಟು ಚೆನ್ನಾಗಿದೆ ನೋಡಿ" ಅಂದ.

ತಗೊಂಡೆವು. (ನಗಬೇಡಿ, ಮೂಲೆ ನಿಜವಾಗಿಯೂ ಚೆನ್ನಾಗಿದೆ.)

ಕಮಿಷನ್ ನನ್ನಿಂದ ಎರಡು ಪರ್ಸೆಂಟ್, ಮಾರಿದವರಿಂದ ಎರಡು. ಒಟ್ಟು 2.40 ಲಕ್ಷ. ನನಗೆ 20 ತಿಂಗಳು ಕಾದರೆ ಬರುವ ಬಾಡಿಗೆ ಅವನಿಗೆ ಒಂದೇ ಮಧ್ಯಾಹ್ನ ಬಂತು. ಬಾಡಿಗೆದಾರರನ್ನು ತಂದಿದ್ದಕ್ಕೆ ಮತ್ತೆ ಒಂದು ತಿಂಗಳಿನದು. ಬಂದವರು ಪೈಲಟ್ ಅಲ್ಲ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪಾಪ, ಒಳ್ಳೆಯ ಮನುಷ್ಯ. ಅಗ್ರಿಮೆಂಟ್ 11 ತಿಂಗಳಿಗೆ, ವರ್ಷಕ್ಕಿಂತ ಜಾಸ್ತಿ ಆದರೆ ರಿಜಿಸ್ಟರ್ ಮಾಡಿಸಬೇಕಲ್ಲ. ಸರಿಯಾಗಿ 11 ತಿಂಗಳಿಗೆ ಅವರು ಖಾಲಿ ಮಾಡಿದರು. ಫ್ಯಾಕ್ಟರಿ ಹತ್ರಾನೇ ಒಂದು ಮನೆ ಸಿಕ್ಕಿತಂತೆ. ತೋರಿಸಿದ್ದು ಯಾರು ಅಂತ ಕೇಳಲೇ ಇಲ್ಲ, ಅದೇ ಬೈಕ್ ಗೇಟಿನ ಹತ್ರ ನಿಂತಿತ್ತು.

ಈಗ ಮನೆ ಮಾರೋಣ ಅಂತ ಅವನಿಗೇ ಹೇಳಿದ್ದೇನೆ, ಇನ್ಯಾರಿಗೆ ಹೇಳಲಿ. ಹೋದ ಭಾನುವಾರ ಒಂದು ಪಾರ್ಟಿ ಕರೆದುಕೊಂಡು ಬಂದಿದ್ದ. ಗಂಡ, ಹೆಂಡತಿ, ಕೈಯಲ್ಲಿ ಕ್ಯಾಲ್ಕುಲೇಟರ್. "ಬಾಡಿಗೆ ಎಷ್ಟು ಬರುತ್ತೆ ಸಾರ್?" ಅಂತ ನೇರವಾಗಿ ನನ್ನನ್ನೇ ಕೇಳಿದರು.

ಗೇಟಿಗೆ ಒರಗಿ ಆಕಾಶ ನೋಡಿದೆ.