ನನ್ನ ದೊಡ್ಡಪ್ಪ ಅಜಾತಶತ್ರು ಆಗಿರಲಿಲ್ಲ

ನಿನ್ನೆ ದೊಡ್ಡಪ್ಪನ ನುಡಿನಮನ ಮುಗಿಸಿ ಮನೆಗೆ ಬಂದವನಿಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಸಹಕಾರಿ ಸಂಘದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಹನ್ನೊಂದು ಮಂದಿ ಮಾತನಾಡಿದರು, ಅವರಲ್ಲಿ ಒಂಬತ್ತು ಮಂದಿ ದೊಡ್ಡಪ್ಪನನ್ನು ‘ಅಜಾತಶತ್ರು’ ಎಂದರು. ಮೊದಲ ಸಲ ಆ ಪದ ಕಿವಿಗೆ ಬಿದ್ದಾಗ ಸುಮ್ಮನಿದ್ದೆ. ಐದನೆಯ ಸಲ ಕೇಳುವ ಹೊತ್ತಿಗೆ ಎದ್ದು ಹೊರಟುಬಿಡಬೇಕು ಅನ್ನಿಸಿತು. ಪಕ್ಕದಲ್ಲಿದ್ದ ಅಕ್ಕ, ದೊಡ್ಡಪ್ಪನ ಹಿರಿಯ ಮಗಳು, ಕೈ ಹಿಡಿದು ಕೂರಿಸಿದಳು.

ನಾನು ಯಾವ ಮನೆಯ ಅಂಗಳದಲ್ಲಿ ಬೆಳೆದವನು ಎಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತಿದೆ. ಮದ್ರಾಸು ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿ ಮದುವೆಯಾಗಿ, ಕರ್ನಾಟಕದಲ್ಲಿ ಕಣ್ಣು ಮುಚ್ಚಿದ ದೊಡ್ಡಪ್ಪ ತೊಂಬತ್ತಮೂರು ವರ್ಷಗಳ ಬದುಕಿನಲ್ಲಿ ನಮ್ಮ ಈ ಸಣ್ಣ ಪೇಟೆಯನ್ನು ಬಿಟ್ಟು ಒಂದು ತಿಂಗಳೂ ಬೇರೆಡೆ ಇದ್ದವರಲ್ಲ. ಸಹಕಾರಿ ಸಂಘದ ಅಧ್ಯಕ್ಷರು, ಪ್ರೌಢಶಾಲೆಯ ಆಡಳಿತ ಮಂಡಳಿಯ ಸಂಚಾಲಕರು, 1987ರ ಜನವರಿಯ ಚುನಾವಣೆಯಲ್ಲಿ ಗೆದ್ದು ಮಂಡಲ ಪಂಚಾಯತಿನ ಪ್ರಧಾನರು. ಈ ಪಟ್ಟಿಯನ್ನು ನಿನ್ನೆ ಹನ್ನೊಂದು ಮಂದಿಯೂ ಓದಿದರು. ಆ ಹುದ್ದೆಗಳಲ್ಲಿ ಕುಳಿತು ಅವರು ಯಾರ ಪರವಾಗಿ, ಯಾರ ವಿರುದ್ಧವಾಗಿ ನಿಂತರು ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ವಿರುದ್ಧ ಎಂಬ ಪದ ಬಂದರೆ ಅಜಾತಶತ್ರು ಎಂಬ ಪದ ನಿಲ್ಲುವುದಿಲ್ಲವಲ್ಲ!

ದೊಡ್ಡಪ್ಪನಿಗೆ ಶತ್ರುಗಳಿದ್ದರು. ಅವರಲ್ಲಿ ಮೊದಲನೆಯವರು ನನ್ನ ಅಪ್ಪ.

ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ನನಗೆ ಎಂಟು ವರ್ಷ. ಗೇಣಿಯ ಭೂಮಿಯೆಲ್ಲ ಸರಕಾರದ್ದಾಯಿತು, ಉಳುತ್ತಿದ್ದ ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ತನ್ನ ಹಕ್ಕನ್ನು ಪಡೆಯಬೇಕಿತ್ತು. ನಮ್ಮ ಕಡೆ ಅದನ್ನು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಈ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ, ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರಾಗಿದ್ದ ಟ್ರಿಬ್ಯುನಲ್ಲಿನ ಎದುರು ವಕೀಲರು ವಾದಿಸುವಂತಿರಲಿಲ್ಲ. ಬಡವನಿಗೆ ಅನುಕೂಲವಾಗಲೆಂದು ಮಾಡಿದ ನಿಯಮವದು. ಆದರೆ ಓದು ಬರಹ ತಿಳಿಯದ ಒಕ್ಕಲು ಸರ್ವೆ ನಂಬರು, ಬೆಳೆ ದಾಖಲೆಯ ಅಡಂಗಲ್ಲು, ಗಡಿ ವಿವರದ ಚಕ್ಕುಬಂದಿ ಇವನ್ನೆಲ್ಲ ಯಾರಿಂದ ಬರೆಸಿಕೊಳ್ಳಬೇಕು? ಧಣಿಗಳ ಮುಖ ನೋಡಲಾರದೆ ಅರ್ಜಿ ಹಾಕದೆಯೇ ಉಳಿದವರು ಎಷ್ಟೋ ಮಂದಿ.

ನಮ್ಮದು ಗೇಣಿ ಪಡೆಯುತ್ತಿದ್ದ ಮನೆ. ಆ ಮನೆಯ ಚಾವಡಿಯಲ್ಲೇ, ಸಂಜೆ ಲಾಟೀನು ಹಚ್ಚಿ, ದೊಡ್ಡಪ್ಪ ಒಕ್ಕಲುಗಳಿಗೆ ಡಿಕ್ಲರೇಶನ್ ಬರೆದುಕೊಡುತ್ತಿದ್ದರು. ಶಾಯಿಯ ಪ್ಯಾಡು ಹಿಡಿದು ನಿಲ್ಲುವುದು ನನ್ನ ಕೆಲಸ. ಹೆಬ್ಬೆಟ್ಟು ಒತ್ತಿದವರು ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಅಂಗೈ ಮುಚ್ಚಿಕೊಂಡು ನಿಲ್ಲುತ್ತಿದ್ದರು. ದೊಡ್ಡಮ್ಮ ಒಂದು ಗೆರಟೆಯಲ್ಲಿ ತೆಂಗಿನೆಣ್ಣೆಯನ್ನೂ ಹಳೆಯ ಬಟ್ಟೆಯ ತುಂಡನ್ನೂ ಜಗಲಿಯ ಅಂಚಿನಲ್ಲಿ ಇಟ್ಟಿರುತ್ತಿದ್ದರು. ಬೇರೆಯವರ ಒಕ್ಕಲುಗಳಿಗೆ ಬರೆದುಕೊಡುವವರೆಗೆ ಅಪ್ಪ ಮಾತಾಡಲಿಲ್ಲ. ಒಂದು ದಿನ ನಮ್ಮದೇ ಒಕ್ಕಲು ಬಂದು ಜಗಲಿಯ ಕೆಳಗೆ ನಿಂತ. ಅವನ ಕೈಯಲ್ಲಿ ಗೇಣಿಚೀಟೂ ಇರಲಿಲ್ಲ, ರಶೀದಿಯೂ ಇರಲಿಲ್ಲ. ದೊಡ್ಡಪ್ಪ ಒಳಗೆ ಹೋಗಿ, ಮನೆಯ ಗೇಣಿ ಪುಸ್ತಕವನ್ನು, ಪ್ರತಿ ವರ್ಷ ಅವನು ಎಷ್ಟು ಮುಡಿ ಅಕ್ಕಿ ಅಳೆದನೆಂದು ಬರೆದಿಟ್ಟಿದ್ದ ಪುಸ್ತಕವನ್ನು ತಂದು, ‘ಇದನ್ನು ಟ್ರಿಬ್ಯುನಲ್ಲಿಗೆ ಕೊಡು, ಬೇರೆ ಸಾಕ್ಷಿ ಬೇಡ’ ಎಂದು ಅವನ ಕೈಗಿತ್ತರು.

ಆ ಭೂಮಿ ದೊಡ್ಡಪ್ಪನೊಬ್ಬರದಾಗಿರಲಿಲ್ಲ, ಅಪ್ಪನದೂ ಆಗಿತ್ತು. ಮನೆ ಪಾಲಾಯಿತು, ಅಂಗಳದ ನಡುವೆ ಗೋಡೆ ಬಂತು. ಹನ್ನೆರಡು ವರ್ಷ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಮಂಡಲ ಪಂಚಾಯತಿನ ಚುನಾವಣೆಯ ದಿನ ಅಪ್ಪ ಮತ ಹಾಕಿ ಬಂದವರು ಅಮ್ಮನಿಗೆ ‘ಅಣ್ಣನಿಗೇ ಹಾಕಿದೆ’ ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಆಗಲೂ ಗೋಡೆಯ ಆಚೆಗೆ ಹೋಗಿ ಮಾತಾಡಲಿಲ್ಲ. ಮರುವರ್ಷ ನನ್ನ ತಂಗಿಯ ಮದುವೆಗೆ ದೊಡ್ಡಪ್ಪ ಕರೆಯದೆಯೇ ಬಂದು ಚಪ್ಪರದ ಕಂಬದ ಬಳಿ ನಿಂತರು. ಅಪ್ಪ ಹೋಗಿ ‘ಒಳಗೆ ಬಾ ಅಣ್ಣ’ ಎಂದರು.

ಹೀಗಿರುವಾಗ ಯಾರೋ ಒಬ್ಬರು ಮೈಕು ಹಿಡಿದು ‘ಎಲ್ಲರಿಗೂ ಬೇಕಾದವರು, ಯಾರ ಮನಸ್ಸನ್ನೂ ನೋಯಿಸದವರು’ ಎಂದರೆ ನನಗೆ ಸಿಟ್ಟು ಬಾರದೆ ಇನ್ನೇನು ಬಂದೀತು? ಹಾಗೆಂದವರು ನನ್ನ ಅಪ್ಪನ ಹನ್ನೆರಡು ವರ್ಷಗಳ ಮೌನವನ್ನು ಅಳಿಸಿದರು, ಆ ಮೌನವನ್ನು ತಿಳಿದೂ ತಿಳಿದೂ ಮೈಮೇಲೆ ಎಳೆದುಕೊಂಡ ದೊಡ್ಡಪ್ಪನ ಎದೆಗಾರಿಕೆಯನ್ನೂ ಅಳಿಸಿದರು. ಒಬ್ಬರು ಗೋಡೆಯ ಮೇಲಿದ್ದ, ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಫೋಟೋ ತೋರಿಸಿ, ದೊಡ್ಡಪ್ಪ ನಮ್ಮ ಪೇಟೆಯ ಮೊಳಹಳ್ಳಿ ಎಂದರು. ಹೋಲಿಕೆ ನನಗೂ ಒಪ್ಪಿಗೆಯೇ. ಆದರೆ 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕನ್ನು ಕಟ್ಟಿ, ರೈತ ಬಡ್ಡಿಯವರ ಮನೆ ಬಾಗಿಲಿಗೆ ಹೋಗದಂತೆ ಮಾಡಹೊರಟವರ ಕೆಲಸ ಆ ಬಡ್ಡಿಯವರಿಗೆ ಹಿತವಾಗಿದ್ದೀತೇ? ದೊಡ್ಡವರನ್ನು ಫೋಟೋದೊಳಗೆ ಕೂರಿಸುವಾಗ ಅವರು ಎದುರು ಹಾಕಿಕೊಂಡವರನ್ನೆಲ್ಲ ಚೌಕಟ್ಟಿನಿಂದ ಹೊರಗಿಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಇನ್ನೊಬ್ಬರು ‘ಮನೆ ಮತ್ತು ಊರನ್ನು ಸಮನಾಗಿ ತೂಗಿಸಿದ ಆದರ್ಶ ಗೃಹಸ್ಥ’ ಎಂದರು. ಆ ಮಾತಿಗೆ ಅಕ್ಕ ತಲೆ ತಗ್ಗಿಸಿದಳು. ಅವಳ ನಿಶ್ಚಿತಾರ್ಥದ ಸಂಜೆ ದೊಡ್ಡಪ್ಪ ಸಂಘದ ಮಹಾಸಭೆಯಲ್ಲಿದ್ದರು, ಬೀಗರು ಎದ್ದು ಹೊರಡುವಾಗ ಬಂದರು. ತೂಗಿಸಿದವರು ದೊಡ್ಡಮ್ಮ. ಬೆಳಕು ಹರಿಯುವ ಮೊದಲೇ ಚಾವಡಿಗೆ ಬಂದು ಕೂರುತ್ತಿದ್ದವರಿಗೆ ನೀರು ಬೆಲ್ಲ ಕೊಟ್ಟವರು ಅವರು. ಅಡಿಕೆಯ ಧಾರಣೆ ನೆಲಕಚ್ಚಿ, 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿಕೊಂಡ ಆ ಕಾಲದಲ್ಲಿ, ಕೈ ಬರಿದಾಗಿದ್ದ ಬೆಳೆಗಾರರ ಪಾಲಿನ ಷೇರು ಹಣವನ್ನು ದೊಡ್ಡಪ್ಪ ತಾವೇ ಕಟ್ಟಲು ಹೊರಟಾಗ, ಒತ್ತೆಗೆ ಹೋದದ್ದು ದೊಡ್ಡಮ್ಮನ ಕೊರಳ ಚಕ್ರಸರ. ನಾಲ್ಕು ವರ್ಷ ಅದು ಬಿಡಿಸಿಕೊಳ್ಳಲಾಗದೆ ಉಳಿಯಿತು. ನಿನ್ನೆಯ ಭಾಷಣಗಳಲ್ಲಿ ದೊಡ್ಡಮ್ಮ ‘ಧರ್ಮಪತ್ನಿಯ ಸಹಕಾರದಿಂದ’ ಎಂಬ ಎರಡು ಪದಗಳಲ್ಲಿ ಬಂದು ಹೋದರು.

ದೊಡ್ಡಪ್ಪ ಗೃಹಸ್ಥರಾದದ್ದು ಎಂಬತ್ತೈದು ವರ್ಷ ವಯಸ್ಸು ದಾಟಿದ ನಂತರ. ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ, ಆರು ವರ್ಷ, ಅವರ ತಲೆ ಬಾಚಿ ಜಡೆ ಹೆಣೆದವರು ದೊಡ್ಡಪ್ಪ. ಅವರ ಬಟ್ಟೆಯನ್ನು ಸೊಸೆಯಂದಿರಿಗೆ ಒಗೆಯಲು ಬಿಡುತ್ತಿರಲಿಲ್ಲ. ಜಡೆ ಮೊದಮೊದಲು ಸಡಿಲವಾಗಿ ಬಿಚ್ಚಿಕೊಳ್ಳುತ್ತಿತ್ತು. ಎಳೆ ಎಷ್ಟು ಬಿಗಿ ಹಿಡಿಯಬೇಕೆಂದು ಅಕ್ಕನ ಮಗಳನ್ನು ಎದುರು ಕೂರಿಸಿಕೊಂಡು ಕಲಿತರು. ಒಮ್ಮೆ ನಾನು ಹೋದಾಗ, ಬಾಚಣಿಗೆಯಲ್ಲಿ ಸಿಕ್ಕ ಬಿಳಿಕೂದಲನ್ನು ಬೆರಳಿಗೆ ಸುತ್ತುತ್ತಾ, ‘ಇವಳ ಜಡೆ ಇಷ್ಟು ಉದ್ದ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ’ ಎಂದರು. ಐವತ್ತು ದಾಟಿದ ನಾನು ಅಂದು ಅವರ ಎದುರು ಅತ್ತುಬಿಟ್ಟೆ. ಇದನ್ನು ಸಭೆಯಲ್ಲಿ ಯಾರಾದರೂ ಹೇಳಬೇಕಿತ್ತು. ನಾನೇ ಹೇಳಬಹುದಿತ್ತು, ಮನೆಯವರ ಪರವಾಗಿ ವಂದನೆ ಹೇಳಲು ಕರೆದಾಗ ಎದ್ದು ನಿಂತು, ಬಂದವರಿಗೆ ಕೈ ಮುಗಿದು ಕುಳಿತೆ. ಆ ನಾಚಿಕೆಯೂ ಈ ಸಿಟ್ಟಿನೊಳಗೆ ಸೇರಿದೆ.

ಊಟದ ಹೊತ್ತಿಗೆ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ‘ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ನಮ್ಮ ಸಂಸ್ಕಾರ, ಮನೆಯವರಿಗೂ ಸಮಾಧಾನ, ಹಳೆಯ ಜಗಳ ಕೆದಕಿ ಏನು ಪ್ರಯೋಜನ’ ಎಂದ. ಅವನ ಮನಸ್ಸು ಒಳ್ಳೆಯದೇ, ಆದರೆ ಮಾತನ್ನು ನಾನು ಒಪ್ಪಲಾರೆ. ತನ್ನ ಮನೆಯ ಪುಸ್ತಕವನ್ನು ತನ್ನ ಮನೆಯ ವಿರುದ್ಧ ಸಾಕ್ಷಿಯಾಗಿ ಕೊಟ್ಟವರ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತು ಯಾವುದಿದೆ? ಅದನ್ನು ಬಿಟ್ಟು ಯಾರಿಗೂ ಹೊಂದುವ ಪದವೊಂದನ್ನು ಹಾರದಂತೆ ಹಾಕಿದರೆ ಯಾರಿಗೆ ಸಮಾಧಾನ?

ಸಭೆಯ ಕೊನೆಯ ಸಾಲಿನಲ್ಲಿ ನಮ್ಮ ಆ ಒಕ್ಕಲಿನ ಮಗ ಕುಳಿತಿದ್ದರು. ಈಗ ಅವರಿಗೂ ಎಪ್ಪತ್ತಾಗಿದೆ. ಮಾತಾಡಬೇಕೆಂದು ಚೀಟಿ ಕಳಿಸಿದ್ದರಂತೆ. ಸಮಯವಿಲ್ಲವೆಂದು ವೇದಿಕೆಯವರು ಕರೆಯಲಿಲ್ಲ. ನಾನು ಚಪ್ಪಲಿ ಹುಡುಕುತ್ತಿದ್ದಾಗ ಬಳಿಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಪುಸ್ತಕ ತೆಗೆದು, ‘ಇದು ನಿಮ್ಮ ಮನೆಯದು, ಟ್ರಿಬ್ಯುನಲ್ಲಿನಿಂದ ವಾಪಸು ಬಂದದ್ದು ನಮ್ಮಲ್ಲೇ ಉಳಿದಿತ್ತು’ ಎಂದು ಎರಡೂ ಕೈಯಲ್ಲಿ ಕೊಟ್ಟರು.

ಅದು ಈಗ ನನ್ನ ಮೇಜಿನ ಮೇಲಿದೆ. ಅಂಚನ್ನು ಗೆದ್ದಲು ತಿಂದಿದೆ, ಒಳಗೆ ಅಕ್ಷರ ಸ್ಪಷ್ಟವಾಗಿದೆ. ಒಕ್ಕಲಿನ ಹೆಸರು, ವರ್ಷ, ಅಳೆದ ಮುಡಿಯ ಲೆಕ್ಕ, ಎಲ್ಲವೂ ನನ್ನ ಅಪ್ಪನ ಕೈಬರಹ. ಅವರು ಒಂದು ಮುಡಿಯನ್ನೂ ಹೆಚ್ಚು ಕಡಿಮೆ ಬರೆದವರಲ್ಲ, ಆ ಬರಹದಿಂದಲೇ ಭೂಮಿ ಹೋಯಿತು.

ಸಂಘದವರು ಸ್ಮರಣ ಸಂಚಿಕೆ ತರುತ್ತಾರಂತೆ, ನನ್ನಿಂದ ಲೇಖನ ಕೇಳಿದ್ದಾರೆ. ಈ ಪುಸ್ತಕದ ಒಂದು ಪುಟದ ಚಿತ್ರವನ್ನೂ ದೊಡ್ಡಮ್ಮನ ಒಂದು ಫೋಟೋವನ್ನೂ ಹಾಕುವುದಾದರೆ ಬರೆಯುತ್ತೇನೆ ಎಂದು ಇಂದು ಬೆಳಿಗ್ಗೆ ತಿಳಿಸಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.