ಮೊದಲು ತಳ ತೋರಿಸಿ

ಊಟದ ತಟ್ಟೆ ಮಗುಚಿ ತಳ ನೋಡಿದರೆ ನಮ್ಮಜ್ಜಿ ತಲೆಗೊಂದು ಮೊಟಕುತ್ತಿದ್ದರು. ಹಳೇ ಫ್ರೆಂಚ್ ಪಿಂಗಾಣಿ ಕೂಡಿಡುವವರಿಗೆ ಅದೇ ಮೊದಲ ಶಾಸ್ತ್ರ. ಸಂತೆಯಲ್ಲಿ ನಾವು ಮಡಕೆಯನ್ನು ತಟ್ಟಿ ನೋಡುತ್ತೇವೆ. ಇವರೂ ತಟ್ಟುತ್ತಾರೆ, ಆದರೆ ಮಗುಚಿದ ಮೇಲೆ. ತಳದಲ್ಲಿ ನೀಲಿ ಬಣ್ಣದ ಎರಡು 'ಎಲ್' ಹೆಣೆದುಕೊಂಡಿದ್ದರೆ ಸಾಕು, ಉಸಿರೇ ನಿಲ್ಲುತ್ತದೆ. ಸೆವ್ರ್! 1759ರಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿ ಪೂರ್ತಿ ಕೊಂಡುಕೊಂಡ ಕಾರ್ಖಾನೆಯ ಮಾಲು!

ಆ ಗುರುತು ಬರೆಯಲು ಏನು ಬೇಕು ಹೇಳಿ? ಒಂದು ಕುಂಚ, ಅರ್ಧ ನಿಮಿಷ. ಇಡೀ ತಟ್ಟೆಯಲ್ಲಿ ನಕಲು ಮಾಡಲು ಅತಿ ಸುಲಭವಾದದ್ದು ಅದೇ. ಎಲ್ಲರೂ ನಂಬುವುದೂ ಅದನ್ನೇ.

ಕಾರ್ಖಾನೆಯೂ ತನ್ನ ಕೈಲಾದ ಸಹಾಯ ಮಾಡಿದೆ. 1800ರಲ್ಲಿ ಉಸ್ತುವಾರಿಗೆ ಬಂದ ಅಲೆಕ್ಸಾಂದ್ರ್ ಬ್ರೊನ್ಯಾರ್, ಗೋದಾಮಿನಲ್ಲಿ ಬಿದ್ದಿದ್ದ ಬಣ್ಣ ಹಚ್ಚದ ಬಿಳಿ ಪಾತ್ರೆಗಳನ್ನು ಮಾರಿಬಿಟ್ಟ. ಹೊರಗಿನ ಚಿತ್ರಗಾರರು ಅವಕ್ಕೆ ಹೂವು, ಚಿನ್ನದ ಅಂಚು ಬರೆದು ಅರಮನೆ ಕಾಲದ್ದು ಅಂತ ದಾಟಿಸಿದರು. ಪಾತ್ರೆ ಅಸಲಿ, ಹೂವು ನಕಲಿ. ಬೆಲೆ ಮಾತ್ರ ಎರಡಕ್ಕೂ ಸೇರಿಸಿ!

ಪ್ಯಾರಿಸ್ಸಿನ ಸ್ಯಾಮ್ಸನ್ ಮನೆತನವಂತೂ 1845ರಿಂದ ಹಳೇ ಪಿಂಗಾಣಿಯ ಪಡಿಯಚ್ಚು ತೆಗೆಯುವುದನ್ನೇ ಕಸುಬು ಮಾಡಿಕೊಂಡಿತ್ತು. ಈಗ 'ಅಪ್ಪಟ ಸ್ಯಾಮ್ಸನ್ ನಕಲು' ಬೇಕು ಅಂತ ಹುಡುಕುವವರೂ ಇದ್ದಾರೆ. ನಕಲಿಯಲ್ಲೂ ಅಸಲಿಯೇ ಆಗಬೇಕು, ಸುಮ್ನೆ ಅಲ್ಲ.

ನನಗೆ ಬಲು ಇಷ್ಟವಾದದ್ದು ಬುರ್ದಲೂ. 18ನೇ ಶತಮಾನದ್ದು. ದೋಣಿಯಂಥ ಉದ್ದ ಪಾತ್ರೆ, ಒಂದು ಕಡೆ ಮುದ್ದಾದ ಹಿಡಿ, ಮೈತುಂಬ ಹೂಬಳ್ಳಿ. ಲೂಯಿ ಬುರ್ದಲೂ ಅನ್ನುವ ಪಾದ್ರಿಯ ಪ್ರವಚನ ಮುಗಿಯುತ್ತಲೇ ಇರಲಿಲ್ಲವಂತೆ. ಎದ್ದುಹೋಗಲು ಸಂಕೋಚಪಟ್ಟ ಹೆಂಗಸರು ಇದನ್ನು ಲಂಗದೊಳಗೆ ಹಿಡಿದು ಹಗುರಾಗುತ್ತಿದ್ದರು ಅಂತ ಕಥೆ. ಪಾದ್ರಿ 1704ರಲ್ಲೇ ತೀರಿಕೊಂಡರು. ಹೆಸರು ಮಾತ್ರ ಉಚ್ಚೆಪಾತ್ರೆಗೆ ಅಂಟಿಕೊಂಡಿತು, ಪಾಪ.

ಇದನ್ನು ಸಾಸ್ ಬಡಿಸುವ ಪಾತ್ರೆ ಅಂದುಕೊಂಡು ಊಟದ ಮೇಜಿನ ನಟ್ಟನಡುವೆ ಇಡುವವರಿದ್ದಾರೆ. ಭೂತಗನ್ನಡಿ ಹಿಡಿದು ತಳ ನೋಡಿರುತ್ತಾರೆ. ಗುರುತು ಓದಿರುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಚೌಕಾಸಿ ಮಾಡಿರುತ್ತಾರೆ. ಒಳಗೆ ಏನು ತುಂಬುತ್ತಿತ್ತು ಅಂತ ಮಾತ್ರ ಕೇಳಿರುವುದಿಲ್ಲ.

ಅತಿಥಿಗಳ ಕಡೆ ಬಗ್ಗಿಸಿ ಹಿಡಿದು ಕೇಳುತ್ತಾರೆ: "ಇನ್ನೊಂಚೂರು ಬಡಿಸಲಾ?"